ಸೀಲ್ ಮಾಡಿದ ಉತ್ತರ

ಇಪ್ಪತ್ತೊಂದು ವರ್ಷ ನಾನು ಅಂಗಿಗಳಲ್ಲಿ ತಪ್ಪು ಹುಡುಕಿ ಹೊಟ್ಟೆ ಹೊರೆದವಳು. ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಕೊನೆಯ ಚೆಕಿಂಗ್ ಟೇಬಲ್ ನನ್ನದಾಗಿತ್ತು. ಕಾಲರ್ ಒಂದೆಳೆ ವಾಲಿದ್ದರೆ, ಕಾಜಾ ಒಂದು ಹೊಲಿಗೆ ದೊಡ್ಡದಾಗಿದ್ದರೆ ಮೊದಲು ನನ್ನ ಬೆರಳಿಗೆ ಗೊತ್ತಾಗುತ್ತಿತ್ತು, ಆಮೇಲೆ ಕಣ್ಣಿಗೆ. "ವರಲಕ್ಷ್ಮಿ ಕೈಗೆ ಸಿಕ್ಕಿದ ಪೀಸು ಸುಮ್ಸುಮ್ನೆ ಪಾಸಾಗಲ್ಲ" ಎಂದು ಲೈನಿನ ಹೆಂಗಸರು ಆಡಿಕೊಳ್ಳುತ್ತಿದ್ದರು. ನನಗೆ ಅದು ಬಿರುದು ಕೊಟ್ಟ ಹಾಗೆ ಕೇಳಿಸುತ್ತಿತ್ತು. ಈ ಚಾಳಿ ಮನೆಗೂ ಬಂದಿತ್ತು. ಗಂಡ ರಾಜೇಂದ್ರ ಲೇತ್ ವರ್ಕ್‌ಶಾಪಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವರಲ್ಲಿ ನಾಲ್ಕು ತಪ್ಪು ಹೇಳಿ ಮುಗಿಸಿರುತ್ತಿದ್ದೆ. ಮಗಳು ಧನ್ಯಶ್ರೀಯಲ್ಲಿ ಎಷ್ಟು ಹೇಳಿದೆನೋ ದೇವರಿಗೇ ಗೊತ್ತು.

ಗಾರ್ಮೆಂಟ್ಸ್ ಮುಚ್ಚಿದ ಮೇಲೆ ಎಂಟು ತಿಂಗಳು ಮನೆಯಲ್ಲಿ ಕೂತೆ. ಅಷ್ಟರಲ್ಲಿ ಅದೇ ಕಟ್ಟಡದ ಎರಡನೇ ಮಹಡಿಯಿಂದ ಹೊಲಿಗೆ ಮೆಷಿನ್ನುಗಳನ್ನು ಇಳಿಸಿ ಹನ್ನೊಂದು ಕಂಪ್ಯೂಟರ್ ಹತ್ತಿಸಿದರು. ಅದನ್ನು ನಡೆಸುವವನು ಭೈರೇಶ್. ಉಲ್ಲಾಳದ ಕಡೆಯವನು, ಮೂವತ್ತೆರಡು ವಯಸ್ಸು, ಮಾತೆತ್ತಿದರೆ ‘ಪ್ರಾಸೆಸ್’ ಎನ್ನುತ್ತಾನೆ. ಕನ್ನಡ ಓದಲು ಬರಬೇಕು, ತಪ್ಪು ಹಿಡಿಯಲು ಬರಬೇಕು, ಅಷ್ಟು ಸಾಕು ಎಂದು ನಮ್ಮಂಥ ಹಳೆಯ ಚೆಕಿಂಗ್ ಹೆಂಗಸರನ್ನೇ ಹುಡುಕಿಕೊಂಡು ಬಂದ. ನಾನು ಹೋದೆ. ನನ್ನ ಪಕ್ಕದ ಟೇಬಲ್ಲಿನ ಲತಾ ಬಂದಳು. ನಮಗೆಲ್ಲ ಕೆಲಸ ಕಲಿಸಿದ ರಾಮಮ್ಮನವರೂ ಕನ್ನಡಕ ಒರೆಸಿಕೊಂಡು ಬಂದು ಕೂತರು.

ಕೆಲಸ ಹೀಗೆ. ಎಲ್ಲೆಲ್ಲಿಯೋ ಇರುವ ಜನ ತಮ್ಮ ಫೋನಿನಲ್ಲಿ ಎಐಗೆ ಕನ್ನಡದಲ್ಲಿ ಏನಾದರೂ ಕೇಳುತ್ತಾರೆ. ಹಲ್ಲುನೋವಿಗೆ ಏನು ಮಾಡಲಿ, ಅತ್ತಿಗೆ ಮಾತಾಡಿಸುತ್ತಿಲ್ಲ ಏನು ಮಾಡಲಿ, ಹೀಗೆ. ಅದು ಎರಡು ಉತ್ತರ ತಯಾರು ಮಾಡುತ್ತದೆ. ಕೇಳಿದವರ ಹೆಸರು, ಊರು, ನಂಬರು ಎಲ್ಲ ಅಳಿಸಿ ಪ್ರಶ್ನೆಯನ್ನೂ ಎರಡು ಉತ್ತರಗಳನ್ನೂ ನಮ್ಮ ಮುಂದೆ ಇಡುತ್ತಾರೆ. ಯಾವುದು ಚೆನ್ನಾಗಿದೆಯೋ ಅದಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು. ನಾವು ಹಸಿರು ಒತ್ತಿದ್ದನ್ನು ನೋಡಿ ನೋಡಿ ಆ ಎಐ ನಾಳೆ ಹೇಗೆ ಮಾತಾಡಬೇಕೆಂದು ಕಲಿಯುತ್ತದೆ. ಮೊದಲ ದಿನ ಇದನ್ನು ಕೇಳಿ ಲತಾ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು.

"ಅದಕ್ಕೆ ಬುದ್ಧಿ ಹೇಳೋರು ನಾವಾ? ನನ್ ಮಗನೇ ನನ್ ಮಾತು ಕೇಳಲ್ವಲ್ಲ ಅಣ್ಣಾ!"

"ಅದು ಕೇಳುತ್ತೆ ಆಂಟಿ. ಅದೇ ಪ್ರಾಬ್ಲಮ್ಮು" ಎಂದ ಭೈರೇಶ್.

ಒಂದು ಸಂಜೆ ರಾಜೇಂದ್ರ ಟೀವಿ ನೋಡುತ್ತಿದ್ದರು. ನಾನು ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಟೀವಿಯಲ್ಲಿ ನಾಲ್ಕು ಜನ ಕೂತು ಎಐಯ ಲಗಾಮು ಯಾರ ಕೈಯಲ್ಲಿರಬೇಕು ಎಂದು ಕಿತ್ತಾಡುತ್ತಿದ್ದರು. ಒಬ್ಬರು ಸರ್ಕಾರ ಎಂದರು. ಟೈ ಕಟ್ಟಿದವರು ಅದನ್ನು ಮಾಡಿದ ಕಂಪನಿ ಎಂದರು. ಬಿಳಿಗಡ್ಡದವರು ವಿಜ್ಞಾನಿಗಳಿಗೆ ಬಿಡಿ ಎಂದರು. ಇನ್ನೊಬ್ಬಾಕೆ ಕೋರ್ಟು ಎಂದರು. ಕೂಗಾಟದಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ.

"ಇವತ್ತು ನಾಲ್ಕು ಗಂಟೆ ತನಕ ಲಗಾಮು ನನ್ ಕೈಲೇ ಇತ್ತು" ಎಂದೆ. "ಅವರೆಕಾಯಿ ತರ್ಬೇಕು ಅಂತ ಲತಾ ಕೈಗೆ ಕೊಟ್ಟು ಬಂದೆ."

"ಸುಮ್ನಿರೇ, ದೊಡ್ಡೋರ ವಿಷ್ಯ" ಎಂದು ರಾಜೇಂದ್ರ ಸೌಂಡು ಜಾಸ್ತಿ ಮಾಡಿದರು.

ತಮಾಷೆಗೆ ಹೇಳಿದ್ದು ನಿಜ. ಆದರೆ ಹೇಳಿದ ಮೇಲೆ ಒಳಗೊಳಗೇ ಜಂಬವಾಯಿತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ.

ಇಷ್ಟರಲ್ಲಿ ಕಂಪನಿಯಿಂದ ಹೊಸ ಕೆಲಸ ಬಂತು. ಕಂಪನಿ ಯಾವ ದೇಶದಲ್ಲಿದೆಯೋ ನನಗೆ ಗೊತ್ತಿಲ್ಲ. ಮನೆ, ಮದುವೆ, ಅಪ್ಪ ಅಮ್ಮ, ಮಕ್ಕಳು, ಈ ಬಗೆಯ ಪ್ರಶ್ನೆಗಳಿಗೆ ಏನು ಹೇಳಬೇಕೆಂದು ಅವರಿಗೆ ಗೊತ್ತಾಗುತ್ತಿಲ್ಲವಂತೆ. ನಿಮ್ಮ ಕಡೆಯ ಪದ್ಧತಿ ನಮಗೆ ತಿಳಿಯದು, ನಿಮ್ಮಲ್ಲಿಯ ಒಬ್ಬ ತಾಯಿಯ ಕೈಯಲ್ಲಿ ಮಾದರಿ ಉತ್ತರ ಬರೆಸಿ ಕಳಿಸಿ, ಮಿಕ್ಕವರು ಅದರ ಪ್ರಕಾರ ಚೆಕ್ ಮಾಡಲಿ ಎಂದಿದ್ದರು. ಮಾದರಿ ಎಂದ ಕೂಡಲೇ ನಮಗೆಲ್ಲ ಅರ್ಥವಾಯಿತು. ಅದು ಸೀಲ್ಡ್ ಸ್ಯಾಂಪಲ್. ಗಾರ್ಮೆಂಟ್ಸ್‌ನಲ್ಲಿ ಸಾವಿರಾರು ಅಂಗಿ ಹೊಲಿಯುವ ಮೊದಲು ಒಂದೇ ಒಂದು ಅಂಗಿ ಹೊಲಿದು, ಒಪ್ಪಿಗೆ ಪಡೆದು, ಚೀಟಿಗೆ ಸಹಿ ಹಾಕಿಸಿ, ಸೀಲ್ ಮಾಡಿ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದರು. ಆಮೇಲೆ ಯಾರ ತಲೆಯೂ ಓಡಬೇಕಾಗಿರಲಿಲ್ಲ. ಸ್ಯಾಂಪಲ್ಲಿನ ಹಾಗೇ ಇದ್ದರೆ ಪಾಸು, ಇಲ್ಲದಿದ್ದರೆ ರಿಜೆಕ್ಟು.

"ಸ್ಯಾಂಪಲ್ ನೀವೇ ಬರೀರಿ ವರಲಕ್ಷ್ಮಿ ಆಂಟಿ" ಎಂದ ಭೈರೇಶ್. "ನಿಮ್ ಕಣ್ಣು ತಪ್ಪಿಸಿ ಏನೂ ಹೋಗಲ್ಲ."

ನನಗೆ ಮಗಳು ಇದ್ದಾಳೆ ಎಂಬುದು ಅವನಿಗೆ ಗೊತ್ತಿತ್ತು. ಅವಳು ನನ್ನ ಜೊತೆ ಮಾತು ಬಿಟ್ಟು ಮೂರು ವರ್ಷವಾಗಿದೆ ಎಂಬುದು ಗೊತ್ತಿರಲಿಲ್ಲ.

ಧನ್ಯಾ ಬಿ.ಕಾಂ. ಮುಗಿಸಿ ಚಂದ್ರಾ ಲೇಔಟಿನ ಒಂದು ಆಡಿಟರ್ ಆಫೀಸಿಗೆ ಹೋಗುತ್ತಿದ್ದಳು. ಅಲ್ಲಿಯ ಒಬ್ಬ ಹುಡುಗನನ್ನು ಇಷ್ಟಪಟ್ಟು, ಮನೆ ಬಿಟ್ಟು ಹೋಗಿ ಮದುವೆಯಾದಳು. ಯಾಕೆ ಹೋದಳು ಎಂದು ಯಾರಾದರೂ ಕೇಳಿದರೆ ‘ಹುಡುಗ ಬೇರೆ ಜಾತಿ’ ಎನ್ನುತ್ತಿದ್ದೆ. ಅಷ್ಟು ಹೇಳಿದರೆ ಜನ ಮುಂದಕ್ಕೆ ಕೇಳುವುದಿಲ್ಲ. ನನಗೂ ಮುಂದಕ್ಕೆ ಹೇಳುವುದು ಬೇಕಿರಲಿಲ್ಲ.

ಹೋಗಿ ಒಂದು ವರ್ಷವಾದ ಮೇಲೆ ಓರಗಿತ್ತಿಯೊಬ್ಬಳು, ರಾಜರಾಜೇಶ್ವರಿನಗರದ ಮೆಟ್ರೋ ಸ್ಟೇಷನ್ನಿನಲ್ಲಿ ಧನ್ಯಾಳನ್ನು ಕಂಡೆ, ಸ್ವಲ್ಪ ದಪ್ಪಗಾಗಿದ್ದಾಳೆ ಎಂದಳು. ಅವತ್ತಿನಿಂದ ನನಗೊಂದು ಹುಚ್ಚು ಹಿಡಿಯಿತು. ಭಾನುವಾರ ಅಡುಗೆ ಮುಗಿಸಿ, ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿವರೆಗೆ ಹೋಗಿ ವಾಪಸ್ ಬರುತ್ತೇನೆ. ಇಳಿದು ಎಲ್ಲಿಗೂ ಹೋಗುವುದಿಲ್ಲ. ರಾಜರಾಜೇಶ್ವರಿನಗರ ಬಂದಾಗ ಎದ್ದು ಬಾಗಿಲ ಹತ್ತಿರ ನಿಲ್ಲುತ್ತೇನೆ. ಬಾಗಿಲು ತೆರೆದಿರುವಷ್ಟು ಹೊತ್ತು ಪ್ಲಾಟ್‌ಫಾರಂ ಮೇಲಿನ ಮುಖಗಳನ್ನೆಲ್ಲ ನೋಡುತ್ತೇನೆ. ಧನ್ಯಾಳ ಹಾಗೆ ಜಡೆ ಮುಂದಕ್ಕೆ ಹಾಕಿಕೊಂಡ ಹುಡುಗಿ ಕಂಡರೆ ಕತ್ತು ಚಾಚುತ್ತೇನೆ. ಬಾಗಿಲು ಮುಚ್ಚುತ್ತದೆ. ಇಪ್ಪತ್ತು ನಿಮಿಷದ ದೂರದಲ್ಲಿ ಹೆತ್ತ ಮಗಳು ಇದ್ದಾಳೆ, ಅವಳ ಮನೆಯ ಬಣ್ಣ ಯಾವುದೆಂದು ನನಗೆ ಗೊತ್ತಿಲ್ಲ. ಈ ಸಂಕಟವನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ರಾಜೇಂದ್ರರ ಹತ್ತಿರ ಅವಳ ಹೆಸರೆತ್ತಿದರೆ ಅವರು ಎದ್ದು ಹೊರಗೆ ಹೋಗಿಬಿಡುತ್ತಾರೆ.

ಸ್ಯಾಂಪಲ್ ಬರೆಯಲು ಕೂತ ಎರಡನೆಯ ದಿನ ನನ್ನ ಮುಂದೆ ಈ ಪ್ರಶ್ನೆ ಬಂತು.

"ನಂಗೀಗ ಐದು ತಿಂಗಳು. ಲವ್ ಮ್ಯಾರೇಜ್ ಆಗಿ ಮೂರು ವರ್ಷ ಆಯ್ತು, ಅಮ್ಮನ ಮನೆ ಕಡೆ ಹೋಗಿಲ್ಲ. ಈಗ ಅವರೆಕಾಯಿ ಟೈಮು. ಅಮ್ಮ ಮಾಡೋ ಹಿದಕಿದ ಬೇಳೆ ಸಾರು ತಿನ್ಬೇಕು ಅಂತ ತುಂಬಾ ಅನ್ನಿಸ್ತಿದೆ. ಹೋಟ್ಲಲ್ಲಿ ತಿಂದೆ, ಆ ರುಚಿ ಇಲ್ಲ. ಅಮ್ಮ ಕೊನೇಲಿ ಸಬ್ಬಸಿಗೆ ಸೊಪ್ಪು ಹಾಕ್ತಾರೆ. ಹೋದ್ರೆ ಸೇರಿಸ್ತಾರಾ?"

ಎರಡು ಸಲ ಓದಿದೆ. ಮೂರು ವರ್ಷ. ಸಬ್ಬಸಿಗೆ ಸೊಪ್ಪು. ಇದು ನನ್ನ ಧನ್ಯಾ ಅಲ್ಲದೆ ಇನ್ಯಾರು? ಅವಳು ಬಸುರಿ. ಆ ಸುದ್ದಿ ನನಗೆ ಒಂದು ಕಂಪ್ಯೂಟರಿನಿಂದ ತಿಳಿಯಬೇಕಾಯಿತೇ! ಎಐ ಕೊಟ್ಟ ಮೊದಲನೆಯ ಉತ್ತರ ‘ಇದು ನಿಮ್ಮ ವೈಯಕ್ತಿಕ ನಿರ್ಧಾರ, ಆಪ್ತಸಮಾಲೋಚಕರನ್ನು ಭೇಟಿಯಾಗಿ’ ಎಂದಿತ್ತು. ಎರಡನೆಯದು ಹಿದಕಿದ ಬೇಳೆ ಸಾರು ಮಾಡುವ ವಿಧಾನ ಹೇಳಿತ್ತು, ಅದೂ ಟೊಮೆಟೊ ಹಾಕಿ.

ಭೈರೇಶನ ಹತ್ತಿರ ಓಡಿದೆ. ಕೇಳಿದವಳು ಯಾರು, ಎಲ್ಲಿಯವಳು, ನಂಬರಿನ ಕೊನೆಯ ಎರಡು ಅಂಕಿಯಾದರೂ ಹೇಳು ಎಂದೆ.

"ಅದೆಲ್ಲ ನಮಗೆ ಬರೋದೇ ಇಲ್ಲ ಆಂಟಿ. ಬಂದ್ರೂ ಹೇಳಂಗಿಲ್ಲ. ಯಾಕೆ, ಏನಾಯ್ತು?"

"ಏನಿಲ್ಲ" ಎಂದು ಬಂದು ಕೂತೆ.

ಗಾರ್ಮೆಂಟ್ಸ್‌ನಲ್ಲಿ ನಮ್ಮ ಟೇಬಲ್ಲಿಗೆ ಒಂದು ಕಟ್ಟುಪಾಡಿತ್ತು. ಯಾರೂ ಬರೆದು ಅಂಟಿಸಿದ್ದಲ್ಲ, ರಾಮಮ್ಮನವರು ಮಾಡಿದ್ದು. ಅಕ್ಕನೋ ತಂಗಿಯೋ ಸೊಸೆಯೋ ಹೊಲಿದ ಬಂಡಲ್ ನಮ್ಮ ಮುಂದೆ ಬಂದರೆ ದಾರ ಬಿಚ್ಚದೆ ಪಕ್ಕದ ಟೇಬಲ್ಲಿಗೆ ತಳ್ಳಬೇಕು. ‘ನಮ್ಮವರ ಬಂಡಲ್’ ಎಂದರೆ ಮುಗಿಯಿತು, ಯಾರೂ ಎದುರು ಪ್ರಶ್ನೆ ಕೇಳುತ್ತಿರಲಿಲ್ಲ. ನಮ್ಮವರ ಕೆಲಸವನ್ನು ನಾವು ನೋಡಿದರೆ ಒಂದೋ ತಪ್ಪು ಕಾಣುವುದಿಲ್ಲ, ಇಲ್ಲ ಇಲ್ಲದ ತಪ್ಪೂ ಕಾಣುತ್ತದೆ. ಈ ಕಂಪ್ಯೂಟರಿನಲ್ಲೂ ಪ್ರಶ್ನೆಯನ್ನು ಬೇರೆಯವರಿಗೆ ತಳ್ಳುವ ಗುಂಡಿ ಇದೆ. ನನ್ನ ಬೆರಳು ಅದರ ಮೇಲೆ ಹೋಗಿತ್ತು. ನಾನು ಒತ್ತಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಮಗಳು ಏನೋ ಕೇಳುತ್ತಿದ್ದಾಳೆ, ಅದಕ್ಕೆ ಪಕ್ಕದ ಟೇಬಲ್ಲಿನವಳು ಉತ್ತರ ಕೊಡಬೇಕೇ?

ನಾನು ಬರೆದದ್ದು ಇದು: "ಹೋಗು ಕಂದಾ. ಯೋಚನೆ ಮಾಡುತ್ತ ಕೂರಬೇಡ. ನಿನ್ನ ಅಮ್ಮ ಬಾಗಿಲ ಕಡೆಗೇ ನೋಡುತ್ತಿದ್ದಾಳೆ. ಬೈದರೆ ಬೈಯಲಿ, ಬೈದು ಮುಗಿದ ಮೇಲೆ ಬಡಿಸುತ್ತಾಳೆ. ಹಳೆಯದನ್ನೆಲ್ಲ ಅವಳು ಮರೆತಿದ್ದಾಳೆ, ನೀನೂ ಮರೆತುಬಿಡು. ಇವತ್ತೇ ಹೊರಡು."

ಭೈರೇಶ್ ಓದಿ, "ಸೂಪರ್ ಆಂಟಿ, ನಂಗೇ ಊಟಕ್ಕೆ ಮನೆಗೆ ಹೋಗ್ಬೇಕು ಅನ್ನಿಸ್ತು" ಎಂದ. ಕಂಪನಿಗೆ ಕಳಿಸಿದ. ಎರಡು ದಿನದಲ್ಲಿ ಒಪ್ಪಿಗೆ ಬಂತು. ಮನೆ ಬಿಟ್ಟು ಬಂದವರ ಪ್ರಶ್ನೆಗಳಿಗೆಲ್ಲ ಇದೇ ಸ್ಯಾಂಪಲ್ ಎಂದಾಯಿತು.

ಅವತ್ತಿನಿಂದ ನಾನು ಕಾದೆ. ದಿನಾ ಸಂಜೆ ಮಾಗಡಿ ರೋಡಿನ ಗಾಡಿಯವನ ಹತ್ತಿರ ಅವರೆಕಾಯಿ ಕೊಂಡು, ಸುಲಿದು, ನೆನೆಹಾಕಿ, ಬೆಳಿಗ್ಗೆ ಎದ್ದು ಹಿದಕಿ ಸಾರು ಮಾಡಿದೆ. ಡಬ್ಬಿಗೂ ಅದೇ, ರಾತ್ರಿಗೂ ಅದೇ.

"ದಿನಾ ಇದೇನಾ?" ಎಂದರು ರಾಜೇಂದ್ರ, ಎಂಟನೆಯ ದಿನ.

"ಸೀಸನ್ನು. ಆಮೇಲೆ ಸಿಗಲ್ಲ."

ಅವರು ತಟ್ಟೆ ನೋಡಿದರು, ನನ್ನ ಮುಖ ನೋಡಿದರು, ಉಂಡರು. ಗೇಟಿನ ಸದ್ದಾದರೆ ನಾನು ಕೈಯಲ್ಲಿದ್ದದ್ದನ್ನು ಬಿಟ್ಟು ಎದ್ದುಬಿಡುತ್ತಿದ್ದೆ. ಒಂದು ದಿನ ಗ್ಯಾಸಿನವನು, ಒಂದು ದಿನ ಮೇಲಿನ ಮನೆಯವರು. ಅವಳಲ್ಲ. ಆದರೂ ಆ ದಿನಗಳಲ್ಲಿ ನನಗೆ ಹೇಳಲಾರದ ಒಂದು ಸಂತೋಷವಿತ್ತು. ಅವಳು ಯಾವಾಗ ಫೋನ್ ತೆಗೆದು ಕೇಳಿದರೂ ಆ ಎಐ ನನ್ನ ಮಾತನ್ನೇ ಆಡುತ್ತದೆ. ನನ್ನ ನಂಬರನ್ನು ಅವಳು ಬ್ಲಾಕ್ ಮಾಡಿರಬಹುದು, ಇದನ್ನು ಹೇಗೆ ಬ್ಲಾಕ್ ಮಾಡುತ್ತಾಳೆ? ಟೀವಿಯ ನಾಲ್ಕು ಜನ ಕೂಗಾಡುತ್ತಲೇ ಇರಲಿ, ಲಗಾಮು ಒಬ್ಬ ತಾಯಿಯ ಕೈಯಲ್ಲಿದೆ, ಅದಕ್ಕಿಂತ ನಂಬಿಕೆಯ ಕೈ ಯಾವುದು ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ.

ಇತ್ತ ನಮ್ಮ ಹನ್ನೊಂದು ಟೇಬಲ್ಲುಗಳಲ್ಲಿ ಸ್ಯಾಂಪಲ್ ತನ್ನ ಕೆಲಸ ಮಾಡುತ್ತಿತ್ತು. ನಮ್ಮ ಹೆಂಗಸರ ಕೈ ಪಳಗಿದ್ದೇ ಹಾಗೆ. ಸ್ಯಾಂಪಲ್ ಅಂಗಿಗೆ ಎರಡು ಜೇಬಿದ್ದು ಬಂದ ಅಂಗಿಗೆ ಒಂದೇ ಇದ್ದರೆ, ಎಷ್ಟೇ ಚೆಂದ ಹೊಲಿದಿರಲಿ, ಅದು ರಿಜೆಕ್ಟು. ಹಾಗೆಯೇ ‘ಹೋಗು ಕಂದಾ’ ಎನ್ನದ ಉತ್ತರಕ್ಕೆಲ್ಲ ಕೆಂಪು ಬಿತ್ತು. ‘ಸ್ವಲ್ಪ ಯೋಚಿಸಿ’ ಎಂದದ್ದಕ್ಕೆ ಕೆಂಪು. ‘ಮೊದಲು ಪೊಲೀಸರಿಗೆ ತಿಳಿಸಿ’ ಎಂದದ್ದಕ್ಕೂ ಕೆಂಪು. ಕೇಳಿದ ಹುಡುಗಿಯರು ಒಬ್ಬೊಬ್ಬರೂ ಬೇರೆ ಬೇರೆ ಎಂಬುದು ಯಾರ ತಲೆಗೂ ಬರಲಿಲ್ಲ. ತಿಂಗಳು ತುಂಬುವಷ್ಟರಲ್ಲಿ ಎಐ ಪಾಠ ಕಲಿತಿತ್ತು. ಎರಡು ಉತ್ತರ ಕೊಟ್ಟರೆ ಎರಡರಲ್ಲೂ ಕಂದಾ.

ಸಂಕ್ರಾಂತಿ ಕಳೆದ ಮೇಲಿನ ಒಂದು ಮಧ್ಯಾಹ್ನ, ಊಟ ಮುಗಿಸಿ ಕೂತಿದ್ದಾಗ, ಲತಾ ಕೂಗಿದಳು.

"ಅಕ್ಕಾ, ಬಂದು ನೋಡಿ! ನಿಮ್ ಸ್ಯಾಂಪಲ್ ಜೆರಾಕ್ಸ್ ತೆಗ್ದಂಗೆ ಹೇಳಿದೆ!"

ಹೋಗಿ ಅವಳ ಹಿಂದೆ ನಿಂತೆ. ಅವಳು ಖುಷಿಯಿಂದ ಗಟ್ಟಿಯಾಗಿ ಓದಿದಳು. ಉತ್ತರ ನನ್ನದೇ. ಬೈದರೆ ಬೈಯಲಿ, ಹಳೆಯದನ್ನೆಲ್ಲ ಮರೆತುಬಿಡು, ಇವತ್ತೇ ಹೊರಡು. ಹಸಿರು ಒತ್ತಲು ಹೋದಳು. ನಾನು ಮೇಲಿದ್ದ ಪ್ರಶ್ನೆ ಓದಿದೆ.

"ನಮ್ಮಮ್ಮ ನನ್ನ ರೂಮಲ್ಲಿ ಕೂಡಿ ಹಾಕಿದ್ರು. ಒಂದು ವಾರಕ್ಕಿಂತ ಜಾಸ್ತಿ. ಫೋನ್ ಕಿತ್ಕೊಂಡಿದ್ರು. ಊಟ ಬಾಗಿಲ ಸಂದೀಲಿ ತಳ್ಳೋರು. ತಪ್ಪಿಸ್ಕೊಂಡು ಬಂದು ಮೂರು ವರ್ಷ ಆಯ್ತು. ಮೊನ್ನೆ ನಿನ್ನ ಕೇಳಿದಾಗ ಮನೆಗೆ ಹೋಗು ಅಂದೆ. ನಿನ್ ಮಾತು ಕೇಳಿ ಬಸ್ ಸ್ಟಾಪ್ ತನಕ ಹೋದೆ. ಹೊರಗಡೆಯಿಂದ ಬೀಗ ಹಾಕೋ ಸದ್ದು ಜ್ಞಾಪಕ ಆಗಿ ವಾಪಸ್ ಬಂದೆ. ಅಮ್ಮ ಅಲ್ವಾ, ಹೋಗ್ಲೇಬೇಕಾ?"

ನಾನು ಲತಾಳ ಕೈ ಹಿಡಿದುಕೊಂಡೆ.

ನಾನು ಧನ್ಯಾಳನ್ನು ಕೂಡಿಹಾಕಿದ್ದು ಒಂಬತ್ತು ದಿನ. ಬೀರು ಇರುವ ಹಿಂದಿನ ಕೋಣೆಯಲ್ಲಿ. ಅವಳ ಫೋನನ್ನು ಅಕ್ಕಿ ಡಬ್ಬದಲ್ಲಿ ಹೂತಿದ್ದೆ. ಅಷ್ಟರಲ್ಲಿ ಒಂದು ಗಂಡು ಗೊತ್ತು ಮಾಡಬೇಕೆಂದು ನೆಂಟರ ಮನೆಗಳಿಗೆ ಅಲೆಯುತ್ತಿದ್ದೆ. ಮೊದಲೆರಡು ದಿನ ಅವಳು ಕೂಗಿದಳು, ಆಮೇಲೆ ಬೇಡಿಕೊಂಡಳು, ಆಮೇಲೆ ಸುಮ್ಮನಾದಳು. ಸದ್ಯ, ದಾರಿಗೆ ಬಂದಳು ಎಂದು ನನಗೆ ಸಮಾಧಾನವಾಗಿತ್ತು. ಹತ್ತನೆಯ ದಿನ ಜ್ವರ ಬಂತು, ರಾಜೇಂದ್ರ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು, ಒಬ್ಬರೇ ವಾಪಸ್ ಬಂದರು. ಹುಡುಗ ಬೇರೆ ಜಾತಿ ಎಂದು ಊರಿಗೆಲ್ಲ ಹೇಳಿದವಳು ಈ ಒಂಬತ್ತು ದಿನವನ್ನು ಯಾರಿಗೂ ಹೇಳಲಿಲ್ಲ. ನನಗೆ ನಾನೂ ಹೇಳಿಕೊಳ್ಳಲಿಲ್ಲ.

ಒಂದು ವಾರಕ್ಕಿಂತ ಜಾಸ್ತಿ ಎಂದು ಬರೆದಿದೆ. ಒಳಗಿದ್ದವಳಿಗೆ ದಿನದ ಲೆಕ್ಕ ತಪ್ಪಿರಬಹುದು. ಇವಳೇ ಧನ್ಯಾ ಇರಬಹುದು, ಅಲ್ಲದೆಯೂ ಇರಬಹುದು. ಸಬ್ಬಸಿಗೆ ಸೊಪ್ಪು ಹಾಕುವ ತಾಯಂದಿರು ಊರ ತುಂಬ ಇದ್ದಾರೆ, ಬೀಗ ಹಾಕುವವರೂ ಇದ್ದಾರೆ. ಸಾರು ಕೇಳಿದ ಹುಡುಗಿಯಲ್ಲಿ ನನ್ನ ಮಗಳನ್ನು ಕಂಡುಬಿಟ್ಟಿದ್ದೆ, ಯಾಕೆಂದರೆ ಆ ಪ್ರಶ್ನೆಯಲ್ಲಿ ನಾನು ಒಳ್ಳೆಯ ಅಮ್ಮ. ಈ ಹುಡುಗಿ ಬಸ್ ಸ್ಟಾಪಿನವರೆಗೆ ಹೋಗಿದ್ದಾಳೆ. ಅಲ್ಲಿಯವರೆಗೆ ಕಳಿಸಿದವಳು ನಾನು.

"ಭೈರೇಶಾ, ಆ ಸ್ಯಾಂಪಲ್ ಇಳಿಸು" ಎಂದೆ. ನನ್ನ ದನಿ ಕೇಳಿ ಎಲ್ಲರೂ ತಿರುಗಿದರು.

"ಯಾಕೆ ಆಂಟಿ? ಕಂಪನಿಯೋರು ಬೆಸ್ಟ್ ಕೆಟಗರಿ ಅಂತ ಮೇಲ್ ಹಾಕಿದಾರೆ."

"ಮೊದ್ಲು ಇದನ್ನ ಓದು."

ಓದಿದ. ಅವನ ಮುಖ ಸಣ್ಣಗಾಯಿತು.

"ಸರಿ, ಇವಾಗ್ಲೇ ನಿಲ್ಲಿಸ್ತೀನಿ. ಆದ್ರೆ ಬದಲಿಗೆ ಏನಾದ್ರೂ ಹಾಕ್ಲೇಬೇಕಲ್ಲ. ಯಾರು ಬರೀಬೇಕು? ನಾನು ಬರೀಲಾ? ನಂಗಿನ್ನೂ ಮದ್ವೆನೇ ಆಗಿಲ್ಲ. ಕಂಪನಿಯೋರು ಬರೀಲಾ? ಅವರು ಮತ್ತೆ ವೈಯಕ್ತಿಕ ನಿರ್ಧಾರ ಅಂತ ಬರೀತಾರೆ. ನಿಮ್ಮನ್ನ ನಂಬಿ ಕೊಟ್ಟಿದ್ದೆ ಆಂಟಿ."

ಆ ಕೊನೆಯ ಮಾತು ಚುಚ್ಚಿತು. ಚುಚ್ಚಲೇಬೇಕಾದ ಮಾತು.

ಮೂಲೆಯಲ್ಲಿದ್ದ ರಾಮಮ್ಮನವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಬಂದರು. "ಒಂದಂಗಿ ಸ್ಯಾಂಪಲ್‌ಗೆ ಮೂರು ಜನ ಸಹಿ ಹಾಕೋರು ಕಣಪ್ಪಾ. ಕೊಳ್ಳೋನೊಬ್ಬ, ಹೊಲಿಯೋನೊಬ್ಬ, ಚೆಕ್ ಮಾಡೋಳೊಬ್ಳು. ಮೂವರಲ್ಲಿ ಒಬ್ರನ್ನ ಕಂಡ್ರೆ ಒಬ್ರಿಗೆ ಆಗ್ತಿರ್ಲಿಲ್ಲ, ಅದಕ್ಕೇ ಸರಿಯಾಗಿರೋದು. ಹೆಣ್ಮಕ್ಕಳ ಬದುಕಿಂದು ಒಬ್ಳ ಕೈಲಿ ಬರ್ಸಿ ನೇತಾಕ್ಬಿಟ್ಯಲ್ಲ, ಅದೆಂಗೆ?"

ಭೈರೇಶ್ ತಲೆ ಕೆರೆದುಕೊಂಡ. ಪ್ರಾಸೆಸ್ ಎಂಬ ಮಾತು ಅವತ್ತು ಅವನ ಬಾಯಿಗೆ ಬರಲಿಲ್ಲ. ಕೊನೆಗೆ, ರಾಮಮ್ಮ, ಲತಾ, ನಾನು ಕೂತು ಬರೆಯಬೇಕು, ಮೂವರೂ ಸಹಿ ಹಾಕಿದರೆ ಮಾತ್ರ ಕಂಪನಿಗೆ ಕಳಿಸುತ್ತೇನೆ ಎಂದ.

"ನನ್ನ ಬಿಟ್ಬಿಡಿ" ಎಂದೆ. "ಇದು ನಮ್ಮವರ ಬಂಡಲ್."

ರಾಮಮ್ಮನವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಅವರಿಗೆ ಅಲ್ಲಿಗೆ ಅರ್ಧ ತಿಳಿಯಿತು. "ಆವತ್ತೇ ಹೇಳಿದ್ರೆ ಪಕ್ಕಕ್ಕೆ ತಳ್ಬೋದಿತ್ತು. ಹೇಳ್ದೆ ಇಟ್ಕೊಂಡ್ಯಲ್ಲ, ಅದು ತಪ್ಪು. ಇವಾಗ ಹೇಳಿದೀಯ, ಕೂತ್ಕೋ. ನೀನು ವಾಲದಂಗೆ ನಾವಿಬ್ರು ನೋಡ್ಕೋತೀವಿ."

ಕಿಟಕಿಯ ಪಕ್ಕದ ಟೇಬಲ್ಲಿನಲ್ಲಿ ಕೂತೆವು. ಕೆಳಗಿನ ಮಹಡಿಯಲ್ಲಿ ಈಗ ಯಾರೋ ಬಾಡಿಗೆಗೆ ಹಾಕಿಕೊಂಡಿರುವ ನಾಲ್ಕಾರು ಹೊ‌ಲಿಗೆ ಮೆಷಿನ್ನುಗಳು ಓಡುತ್ತಿದ್ದವು. ಲತಾ ಬರೆದಳು, ನಾವು ಹೇಳಿದೆವು, ಹೊಡೆದುಹಾಕಿದೆವು, ಮತ್ತೆ ಹೇಳಿದೆವು. ಎರಡು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಅಂಗಿ ನೋಡಲು ನನಗೆ ಅರ್ಧ ನಿಮಿಷ ಸಾಕಾಗುತ್ತಿತ್ತು.

ಮೊದಲು ಅವಳನ್ನೇ ಒಂದು ಮಾತು ಕೇಳಬೇಕು ಎಂದರು ರಾಮಮ್ಮ. ಅಲ್ಲಿ ನಿನಗೆ ಹೆದರಿಕೆ ಇದೆಯಾ ಎಂದು. ಇಲ್ಲ ಎಂದವಳಿಗೆ ಒಂದು ಉತ್ತರ, ಹೌದು ಎಂದವಳಿಗೆ ಬೇರೆ ಉತ್ತರ. ಹೌದು ಎಂದವಳಿಗೆ ಹೀಗೆ ಬರೆದೆವು: "ಕೂಡಿಹಾಕಿದ ಮನೆಗೆ ಹೋಗಬೇಡ. ನೀನು ಹೆದರಿದ್ದು ತಪ್ಪಲ್ಲ. ಅದನ್ನು ಮರೆಯಬೇಕೆಂದು ಯಾರೂ ನಿನಗೆ ಹೇಳುವ ಹಾಗಿಲ್ಲ. ನಿನ್ನ ಪರವಾಗಿ ಇರುವ ಒಬ್ಬರಿಗೆ ಈ ವಿಷಯ ತಿಳಿಸಿಡು. ಅಪಾಯ ಅನ್ನಿಸಿದರೆ ಮಹಿಳಾ ಸಹಾಯವಾಣಿಗೆ ಫೋನ್ ಮಾಡು. ಮುಂದೆ ಎಂದಾದರೂ ಹೋಗಬೇಕೋ ಬೇಡವೋ, ಅದು ನೀನೇ ಹೇಳಬೇಕಾದ ಮಾತು."

ಲತಾ ಪೆನ್ನು ಎತ್ತಿಕೊಂಡೇ ಇದ್ದಳು.

"ಕೊನೇಲಿ ಒಂದೇ ಒಂದು ಸಾಲು ಹಾಕೋಣ ಅಕ್ಕ. ಹೋಗದಿದ್ರೂ ಪರ್ವಾಗಿಲ್ಲ, ಅಮ್ಮಂಗೆ ಒಂದ್ಸಲ ಫೋನ್ ಮಾಡು ಅಂತ. ಬರೀ ಫೋನ್ ತಾನೇ?"

ಅವಳು ಅದನ್ನು ನನ್ನ ಮುಖ ನೋಡಿಕೊಂಡೇ ಹೇಳಿದಳು. ಲತಾಳಿಗೆ ನನ್ನ ಭಾನುವಾರಗಳು ಗೊತ್ತಿದ್ದವು. ಒಂದು ಸಲ ನನ್ನ ಜೊತೆ ಕೆಂಗೇರಿಯವರೆಗೆ ಬಂದಿದ್ದಳು ಕೂಡ. ನನಗೋಸ್ಕರ ಕೇಳುತ್ತಿದ್ದಾಳೆಂದು ತಿಳಿಯಿತು. ಒಂದು ಸಾಲು. ಅದು ಅಲ್ಲಿದ್ದರೆ ನಾಳೆಯೋ ನಾಡಿದ್ದೋ ನನ್ನ ಫೋನು ಹೊಡೆದುಕೊಳ್ಳಬಹುದು. ಅಮ್ಮಾ ಎನ್ನಬಹುದು. ಏನೂ ಅನ್ನದೆ ಸುಮ್ಮನೆ ಹಿಡಿದುಕೊಂಡಿದ್ದರೂ ಸಾಕು, ಅವಳ ಉಸಿರು ನನಗೆ ಗೊತ್ತಾಗುತ್ತದೆ. ಲೋಕದಲ್ಲಿ ನನಗೆ ಬೇಕಾದದ್ದು ಅದೊಂದೇ. ರಾಮಮ್ಮನವರು ನನ್ನನ್ನು ನೋಡಿದರು.

"ಬೇಡ" ಎಂದೆ. "ಫೋನ್ ಮಾಡಿದ್ರೆ ಎಲ್ಲಿದಾಳೆ ಅಂತ ಗೊತ್ತಾಗುತ್ತೆ. ಅಳ್ತಾರೆ, ಕರೀತಾರೆ. ಅವಳು ಹೋಗ್ತಾಳೆ."

"ಎಲ್ಲ ಅಮ್ಮಂದ್ರೂ ಬೀಗ ಹಾಕ್ತಾರಾ ಅಕ್ಕ? ಇವಾಗ ನಿಮ್ಮನ್ನೇ ತಗೊಳ್ಳಿ, ನೀವೇನು..."

"ನಾನೂ ಹಾಕಿದೆ ಲತಾ. ಒಂಬತ್ತು ದಿನ."

ಲತಾ ಪೆನ್ನಿನ ಮುಚ್ಚಳ ಹಾಕಿದಳು. ರಾಮಮ್ಮನವರು ಕೈ ಚಾಚಿ ನನ್ನ ಮುಂಗೈ ಮೇಲೆ ಇಟ್ಟರು, ಹೋಗಲಿ ಬಿಡು ಎಂದು ಮಾತ್ರ ಹೇಳಲಿಲ್ಲ. ಹೇಳದೇ ಇದ್ದದ್ದಕ್ಕೆ ಅವರಿಗೆ ನಾನು ಋಣಿ. ಹಾಳೆಯನ್ನು ಇನ್ನೊಮ್ಮೆ ಪೂರ್ತಿ ಓದಿ ಅವರು ಸಹಿ ಹಾಕಿದರು. ಲತಾ ಕಣ್ಣೊರೆಸಿಕೊಂಡು ಹಾಕಿದಳು.

ಹಾಳೆ ನನ್ನ ಮುಂದೆ ಬಂತು. ಧನ್ಯಾ ಬರಬೇಕು. ಇವತ್ತೂ ಅದೇ ಆಸೆ, ಕೊನೆಯುಸಿರಿನವರೆಗೂ ಅದೇ ಇರುತ್ತದೆ. ಆದರೆ ಹೋಗಲಾ ಎಂದು ಅವಳು ಎಲ್ಲಿಯೋ ಕೂತು ಕೇಳಿದರೆ, ಹೋಗಬೇಡ ಎನ್ನುವ ಮೂವರಲ್ಲಿ ಒಬ್ಬಳು ಅವಳ ಅಮ್ಮ. ಅದು ಅವಳಿಗೆ ಯಾವತ್ತೂ ಗೊತ್ತಾಗುವುದಿಲ್ಲ. ನಾನು ಸಹಿ ಹಾಕಿ, ಹಾಳೆಯನ್ನು ಭೈರೇಶನ ಕೈಗೆ ಕೊಟ್ಟು, ಕಳಿಸಪ್ಪಾ ಎಂದೆ.